ಎಂಟು ಸೆಂಟಿಮೀಟರ್ ಕೊಳ

ಸಾಲಿನ ಕೊನೆಯಲ್ಲಿ ಸೈಕಲ್ ತುಳಿಯುವವನಿಗೆ ಒಂದು ಅನುಕೂಲವಿದೆ, ಅವನ ಮುಖ ಯಾರಿಗೂ ಕಾಣುವುದಿಲ್ಲ. ಆ ಭಾನುವಾರ ಬೆಳಿಗ್ಗೆ ಈ ಮಾತನ್ನು ಅವನು ಮೂರನೆಯ ಸಲ ತನಗೆ ತಾನೇ ಹೇಳಿಕೊಂಡ. ಮುಂದೆ ಹನ್ನೊಂದು ಸೈಕಲ್ಲುಗಳು ಹೋಗುತ್ತಿದ್ದವು. ಎಲ್ಲಕ್ಕಿಂತ ಮುಂದಿನದು ಹೆಂಡತಿಯದು. ಇತಿಹಾಸದ ಟೀಚರಾಗಿ ನಿವೃತ್ತಳಾದರೂ ಕೊರಳಿನ ಸೀಟಿಯನ್ನು ಅವಳು ಬಿಟ್ಟಿರಲಿಲ್ಲ. ಈಗ ಅದು ‘ನಮ್ಮ ಬಡಾವಣೆಯ ಅಡಗಿದ ಚರಿತ್ರೆ’ ಎಂಬ ಸೈಕಲ್ ಸವಾರಿಗೆ ಬಳಕೆಯಾಗುತ್ತಿತ್ತು. ಎಲ್ಲಕ್ಕಿಂತ ಹಿಂದಿನದು ಇವನದು. ಹ್ಯಾಂಡಲ್ಲಿಗೆ ನೇತುಹಾಕಿದ ಚೀಲದಲ್ಲಿ ಪಂಪು, ಪಂಕ್ಚರ್ ಅಂಟು, ಎರಡು ಸ್ಪ್ಯಾನರು, ಯಾರಾದರೂ ಬಿದ್ದರೆ ಹಚ್ಚಲು ಹತ್ತಿ ಮತ್ತು ಟಿಂಚರು. ಹಿಂದುಳಿದವರನ್ನು ನೋಡಿಕೊಳ್ಳುವುದು ಅವನ ಕೆಲಸ, ಅದಕ್ಕೇ ಗುಂಪಿನವರು ಅವನಿಗೆ ‘ಬಾಲ’ ಎಂದು ಹೆಸರಿಟ್ಟಿದ್ದರು. ಪ್ರತಿ ತಿರುವಿನಲ್ಲೂ ಹೆಂಡತಿ ತಲೆ ತಿರುಗಿಸದೆಯೇ “ಬಾಲ ಬಂತಾ?” ಎಂದು ಕೂಗುತ್ತಾಳೆ. “ಬಂತು” ಎಂದು ಅವನೇ ಹೇಳಬೇಕು. ಅರವತ್ತೆರಡು ವರ್ಷದ ಗಂಡಸಿಗೆ, ತನ್ನ ಬಗ್ಗೆ ತಾನೇ ಹಾಗೆ ನಪುಂಸಕ ಲಿಂಗದಲ್ಲಿ ವರದಿ ಒಪ್ಪಿಸುವಾಗ, ಮೊದಮೊದಲು ನಾಚಿಕೆಯಾಗುತ್ತಿತ್ತು. ಈಚೆಗೆ ಅದರಲ್ಲಿ ಒಂದು ನೆಮ್ಮದಿಯೂ ಇತ್ತು. ಬಾಲಕ್ಕೆ ಯಾರೂ ಪ್ರಶ್ನೆ ಕೇಳುವುದಿಲ್ಲ.

ಈ ಹೊತ್ತು ಆ ನೆಮ್ಮದಿ ಇರಲಿಲ್ಲ. ಅವನ ಮುಂದೆಯೇ ಹಲ್ಲಿನ ಡಾಕ್ಟರರ ಸೈಕಲ್ಲು ಹೋಗುತ್ತಿತ್ತು. ಡಾಕ್ಟರರು ಬಡಾವಣೆಯ ಸಂಘದ ಕಾರ್ಯದರ್ಶಿಯೂ ಹೌದು. ಅವರ ಕ್ಯಾರಿಯರ್ ಮೇಲೆ ಬೆಡ್‌ಶೀಟಿನಲ್ಲಿ ಸುತ್ತಿದ ಒಂದು ತಗಡಿನ ಫಲಕ ಅಡ್ಡಲಾಗಿ ಕಟ್ಟಿಸಿಕೊಂಡು, ಪ್ರತಿ ಗುಂಡಿಗೂ ಟಕ್ ಎನ್ನುತ್ತಿತ್ತು. ಬೆಡ್‌ಶೀಟು ಇವನ ಮನೆಯದೇ, ನೀಲಿ ಹೂವಿನದು, ತಾನು ಎಷ್ಟೋ ರಾತ್ರಿ ಮಲಗಿದ್ದು. ಫಲಕದ ಮೇಲೆ ಏನಿದೆಯೆಂದು ಅವನಿಗೆ ಬಾಯಿಪಾಠವಾಗಿತ್ತು, ಕರಡು ತಿದ್ದಿದವನೇ ಅವನು. ‘ಇಲ್ಲೊಂದು ಕೊಳವಿತ್ತು. ನೀರು ತನ್ನ ಜಾಗವನ್ನು ಮರೆಯುವುದಿಲ್ಲ.’ ಅದರ ಕೆಳಗೆ ಸಣ್ಣ ಅಕ್ಷರದಲ್ಲಿ: ‘ನೆಲದ ಮಟ್ಟವನ್ನು ನಿವೃತ್ತ ಸರ್ವೇ ಅಧಿಕಾರಿಯೊಬ್ಬರು ದೃಢಪಡಿಸಿರುತ್ತಾರೆ.’ ಅವನು ಎಂದೂ ಅಧಿಕಾರಿಯಾಗಿರಲಿಲ್ಲ, ಸರ್ವೇಯರನಾಗಿಯೇ ಸೇರಿ ಸರ್ವೇಯರನಾಗಿಯೇ ಹೊರಬಂದವನು. ಸರ್ಕಾರ ಕೊಡದ ಬಡ್ತಿಯನ್ನು ಹೆಂಡತಿ ಕೊಟ್ಟಿದ್ದಳು. ಇನ್ನು ಆ ದೃಢೀಕರಣ ಎಂಬುದು ಒಂದು ‘ಹೂಂ’. ಮೂರು ತಿಂಗಳ ಹಿಂದೆ, ತಿಂಡಿಯ ಹೊತ್ತಿನಲ್ಲಿ, ಅವಳು ನೋಟ್‌ಬುಕ್ಕಿನಿಂದ ತಲೆ ಎತ್ತದೆ ಕೇಳಿದ್ದಳು: “ರೀ, ಟೈಲರ್ ಅಂಗಡಿ ಮೂಲೇಲಿ ಯಾವಾಗ್ಲೂ ನೀರು ನಿಲ್ಲುತ್ತಲ್ಲ, ಅಲ್ಲಿ ನೆಲ ತಗ್ಗು ತಾನೇ?” ಅವನ ಬಾಯಲ್ಲಿ ಬ್ರೆಡ್ಡಿತ್ತು. ಹೂಂ ಎಂದ. ಬ್ರೆಡ್ಡು ಇಲ್ಲದಿದ್ದರೆ ಹೇಳುತ್ತಿದ್ದನೇನೋ, ನೆಲ ತಗ್ಗಿಲ್ಲ ಕಣೇ, ಮೋರಿಯ ಬಾಯಿ ಎತ್ತರವಿದೆ, ಎಂಟು ಸೆಂಟಿಮೀಟರ್, ನನಗೆ ಗೊತ್ತು, ಯಾಕೆಂದರೆ ಹಾಗೆ ಮಾಡಿದವನು ನಾನೇ. ಆದರೆ ಮೂವತ್ತೆಂಟು ವರ್ಷಗಳಲ್ಲಿ ಬಾಯಿ ಖಾಲಿಯಿದ್ದ ಹೊತ್ತು ಸಾಕಷ್ಟಿತ್ತು ಎಂಬುದನ್ನೂ ಅವನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತಿದ್ದ. ಒಳಗೊಳಗೆ ಪ್ರಾಮಾಣಿಕನಾಗಿರುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ.

ಸೀಟಿ ಕೇಳಿಸಿತು. ಸಾಲು ನಿಂತಿತು. ಗೋಡೆಯಲ್ಲಿ ಸೊಂಟದೆತ್ತರಕ್ಕೆ ಹುಗಿದಿದ್ದ ಕಬ್ಬಿಣದ ಬಳೆಯಿತ್ತು, ಈಗ ಅದಕ್ಕೆ ಯಾರೋ ತಮ್ಮ ಸ್ಕೂಟರನ್ನು ಸರಪಳಿ ಹಾಕಿ ಕಟ್ಟಿದ್ದರು. “ಇದು ಕುದುರೆ ಕಟ್ತಿದ್ದ ಬಳೆ,” ಎಂದಳು ಹೆಂಡತಿ, “ದಿನಾ ಇದರ ಮುಂದೆ ಓಡಾಡ್ತೀರ, ಯಾರಾದ್ರೂ ನೋಡಿದ್ರಾ? ಇಲ್ಲ. ನೋಡೋದಕ್ಕೆ ಕಣ್ಣು ಸಾಲದು, ನಿಧಾನ ಬೇಕು. ಅದಕ್ಕೇ ಸೈಕಲ್ಲು.” ಔಷಧಿ ಅಂಗಡಿಯ ಹೆಂಗಸು, ಗುಂಪಿಗೆ ಹೊಸಬಳು, ಬಳೆಯನ್ನು ಮುಟ್ಟಿ ನೋಡಿ, “ಸ್ಕೂಟರ್ ಕಟ್ಟೋಕೆ ಹಾಕಿದ್ದಲ್ವಾ ಮೇಡಂ?” ಎಂದಳು. “ಸ್ಕೂಟರ್ ಹುಲ್ಲು ತಿನ್ನುತ್ತಾ? ಕೆಳಗೆ ನೋಡಿ, ಕಲ್ಲಿನ ಬಾನಿ.” ಎಲ್ಲರೂ ಬಗ್ಗಿ ಬಾನಿಯನ್ನು ನೋಡಿದರು, ಅದರಲ್ಲಿ ಯಾರೋ ಎಸೆದ ಚಪ್ಪಲಿಯಿತ್ತು. ಅವನು ಮಾತ್ರ ಹೆಂಡತಿಯನ್ನು ನೋಡಿದ. ಅವಳ ಬಳೆ ನಿಜವಾದದ್ದು, ಬಾನಿ ನಿಜವಾದದ್ದು. ಎರಡು ವರ್ಷ ಮನೆಮನೆಯ ಬಾಗಿಲು ತಟ್ಟಿ, ಹಳೆಯ ಪತ್ರಗಳನ್ನು ಬಿಡಿಸಿ ಓದಿ, ಮುದುಕಿಯರ ಪಕ್ಕದಲ್ಲಿ ಕೂತು ಕೇಳಿ ಅವಳು ಹುಡುಕಿದ್ದು. ಏಳು ನಿಲುಗಡೆಗಳಲ್ಲಿ ಆರು ನಿಜ. ಏಳನೆಯದೊಂದೇ ಸುಳ್ಳು, ಅದು ಮಾತ್ರ ಅವಳ ಸ್ವಂತದ್ದಲ್ಲ.

ಸೈಕಲ್ಲು ಕೂಡ ಅವಳಿಗೆ ಅವನೇ ಕಲಿಸಿದ್ದು, ಅವಳ ಐವತ್ತೆಂಟನೆಯ ವಯಸ್ಸಿನಲ್ಲಿ, ಆಟದ ಮೈದಾನದ ಸುತ್ತ. ಕ್ಯಾರಿಯರ್ ಹಿಡಿದುಕೊಂಡು ಹಿಂದೆ ಓಡುತ್ತಿದ್ದ. ನಾಲ್ಕನೆಯ ದಿನ ಮೆಲ್ಲನೆ ಕೈ ಬಿಟ್ಟ, ಎಲ್ಲರೂ ಹಾಗೇ ತಾನೆ ಬಿಡುವುದು. ಅವಳು ಒಬ್ಬಳೇ ಅರ್ಧ ಸುತ್ತು ಹೋಗಿ, ತಿರುಗಿ ನೋಡಿ, ಇಳಿದು, ಸೈಕಲ್ಲನ್ನು ನೆಲಕ್ಕೆ ಮಲಗಿಸಿದಳು. ಸಂತೋಷ ಪಡುತ್ತಾಳೆಂದು ಅವನು ನಗುತ್ತ ನಿಂತಿದ್ದ. “ಹೇಳಿ ಬಿಡಬೇಕಿತ್ತು,” ಎಂದಳು. “ಹೇಳಿದ್ರೆ ನೀನು ಹೆದರ್ತಿದ್ದೆ.” “ಹೆದರ್ತಿದ್ದೆ, ಬೀಳ್ತಿದ್ದೆ, ಅದು ನಂದು. ನೀವು ಹಿಡ್ಕೊಂಡಿದೀರ ಅಂತ ನಂಬಿ ತುಳೀತಿದ್ನಲ್ಲ, ಅದು ಯಾರದು?” ಆ ದಿನ ಇಡೀ ಅವಳು ಅವನೊಡನೆ ಬೇಕಾದ್ದಕ್ಕಿಂತ ಹೆಚ್ಚು ಮರ್ಯಾದೆಯಿಂದ ಮಾತಾಡಿದ್ದಳು. ಬೈದಿದ್ದರೆ ವಾಸಿಯಿತ್ತು.

ಬಳೆಯ ಬೀದಿ ದಾಟಿದ ಮೇಲೆ ಇಳಿಜಾರು ಶುರುವಾಗುತ್ತದೆ. ಇಳಿಜಾರೆಂದು ಬೇರೆ ಯಾರೂ ಅದನ್ನು ಕರೆಯುವುದಿಲ್ಲ, ಮುನ್ನೂರು ಅಡಿಗೆ ಒಂದಡಿ. ಆದರೆ ತುಳಿಯುವುದನ್ನು ನಿಲ್ಲಿಸಿದರೂ ಸೈಕಲ್ಲು ಹೋಗುತ್ತಲೇ ಇರುತ್ತದೆ. ಜನ ಬೀದಿಯನ್ನು ಅಂಗಡಿ, ಮನೆ, ಮರ ಎಂದು ನೋಡುತ್ತಾರೆ, ಅವನು ಏರು, ಇಳಿ, ಸಮ ಎಂದು ನೋಡುತ್ತಿದ್ದ. ಹಿಂದೊಮ್ಮೆ ಈ ಬೀದಿಯನ್ನೆಲ್ಲ ತಲೆಕೆಳಗಾಗಿ ನೋಡಿದ್ದ. ಆ ಕಾಲದ ಲೆವೆಲ್ ಯಂತ್ರದ ದುರ್ಬೀನಿನಲ್ಲಿ ಎಲ್ಲವೂ ಬುಡಮೇಲು. ಮನೆಗಳು ಆಕಾಶಕ್ಕೆ ನೇತುಬಿದ್ದಿರುತ್ತಿದ್ದವು, ಜನ ನೊಣಗಳ ಹಾಗೆ ಸೂರಿನ ಮೇಲೆ ನಡೆಯುತ್ತಿದ್ದರು, ದೂರದಲ್ಲಿ ಹಿಡಿದ ಅಳತೆಪಟ್ಟಿಯ ಅಂಕಿಗಳು ಮೇಲಿನಿಂದ ಕೆಳಕ್ಕೆ ಬೆಳೆಯುತ್ತಿದ್ದವು. ಆಗ ಅವನಿಗೆ ಇಪ್ಪತ್ತನಾಲ್ಕು ವರ್ಷ, ಕೆಲಸಕ್ಕೆ ಸೇರಿ ಮೂರು ತಿಂಗಳು. ಒಂದು ವಾರದ ಹಿಂದಷ್ಟೆ ಒಂದು ಅಂಕಿಯನ್ನು ತಿರುವುಮುರುವಾಗಿ ಓದಿ, ಮೇಲಧಿಕಾರಿಯ ಕೈಗೆ ಸಿಕ್ಕಿಬಿದ್ದಿದ್ದ. ಕಚೇರಿಯ ವರಾಂಡದಲ್ಲಿ, ಪಟ್ಟಿ ಹಿಡಿಯುವವರು, ಗುಮಾಸ್ತರು, ಅರ್ಜಿ ತಂದವರು ಎಲ್ಲರ ಎದುರು ಆತ, “ಬಾರಪ್ಪ ತಲೆಕೆಳಗು, ನೀನು ಬಿ.ಎಸ್ಸಿ.ನೂ ಹಾಗೇ ಓದಿದ್ಯಾ?” ಎಂದು ಕೇಳಿದ್ದ. ಅವತ್ತಿನಿಂದ ಅದೇ ಹೆಸರು. ತಲೆಕೆಳಗು, ಒಂದು ಟೀ ತರಿಸು. ತಲೆಕೆಳಗು, ನಿನ್ನ ಛತ್ರಿ ಇಲ್ಲಿದೆ.

ಹಾಗಾಗಿ ಟೈಲರ್ ಅಂಗಡಿಯ ಮೂಲೆಯಲ್ಲಿ ಆದದ್ದು ಎರಡನೆಯ ತಪ್ಪು. ಅಂಗಡಿಯ ಮೆಟ್ಟಿಲುಕಲ್ಲಿನ ಮೇಲೆ ಬಾಣದ ಗುರುತು ಕೊರೆಸಿ, ಅದರ ಎತ್ತರವನ್ನು ಪುಸ್ತಕದಲ್ಲಿ ಬರೆಯಬೇಕಿತ್ತು. ಮುಂದೆ ಆ ಬೀದಿಯ ಚರಂಡಿ, ಮೋರಿಗಳನ್ನೆಲ್ಲ ಆ ಗುರುತಿನಿಂದಲೇ ಅಳೆದು ಕಟ್ಟುವವರಿದ್ದರು. ಪಟ್ಟಿಯ ಮೇಲೆ ದುರ್ಬೀನಿನ ಅಡ್ಡಗೆರೆ ಒಂದೂವರೆ ಮೀಟರಿನ ಗೀಟಿನಿಂದ ನಾಲ್ಕು ಸೆಂಟಿಮೀಟರ್ ಈಚೆಗಿತ್ತು. ಈಚೆಗೋ ಆಚೆಗೋ? ಒಂದು ನಲವತ್ತಾರು ಎಂದು ಓದಬೇಕಾದ್ದನ್ನು ಒಂದು ಐವತ್ತನಾಲ್ಕು ಎಂದು ಬರೆದ. ಸಂಜೆ ನಾಲ್ಕೂಮುಕ್ಕಾಲಿಗೆ, ಹೊರಟಲ್ಲಿಗೇ ವಾಪಸು ಬಂದು ಲೆಕ್ಕ ಕೂಡಿಸಿದಾಗ ಎಂಟು ಸೆಂಟಿಮೀಟರ್ ತಾಳೆಯಾಗಲಿಲ್ಲ. ಎಲ್ಲಿ ತಪ್ಪಿದೆಯೆಂದು ತಕ್ಷಣ ಹೊಳೆಯಿತು. ಮರುದಿನ ಮತ್ತೆ ಹೋಗಿ ನೋಡಬಹುದಿತ್ತು, ಅದಕ್ಕೆ ಮೇಲಧಿಕಾರಿಯನ್ನು ಕೇಳಬೇಕಿತ್ತು. ವರಾಂಡ ಕಣ್ಣ ಮುಂದೆ ಬಂತು. ಅವನು ಪೆನ್ಸಿಲ್ ಚೂಪು ಮಾಡಿ, ಬರುವ ದಾರಿಯ ಇನ್ನೊಂದು ಅಂಕಿಯನ್ನು ಅಷ್ಟೇ ಎಂಟು ಸೆಂಟಿಮೀಟರ್ ತಿದ್ದಿದ. ಲೆಕ್ಕ ಸಕ್ಕರೆಯ ಹಾಗೆ ಕರಗಿ ಕೂಡಿಕೊಂಡಿತು. “ಭೇಷ್,” ಎಂದ ಮೇಲಧಿಕಾರಿ, “ಇನ್ಮೇಲೆ ನೀನು ನೆಟ್ಟಗೆ.” ಮೂವತ್ತಾರು ವರ್ಷದ ನೌಕರಿಯಲ್ಲಿ ಅವನು ಆಮೇಲೆ ಒಂದೇ ಒಂದು ಅಂಕಿಯನ್ನೂ ತಪ್ಪು ಓದಲಿಲ್ಲ. ಮನೆಯಲ್ಲಿ ಫೋಟೋ ಸೊಟ್ಟಗಿದ್ದರೆ ಊಟ ಬಿಟ್ಟು ಏಳುತ್ತಿದ್ದ. ಹೆಂಡತಿ ಅವನನ್ನು ‘ಮಿಲಿಮೀಟರ್ ಮಹಾರಾಯರು’ ಎಂದು ಆಡಿಕೊಳ್ಳುತ್ತಿದ್ದಳು. ಸೆಂಟಿಮೀಟರಿನ ಸಂಗತಿ ಅವಳಿಗೆ ಗೊತ್ತಿರಲಿಲ್ಲ.

ಮುಂದಿನ ವರ್ಷ ಚರಂಡಿ ಕಟ್ಟಿದರು. ಮೊದಲ ಮಳೆಗೇ ಅವನು ಛತ್ರಿ ಹಿಡಿದು ನೋಡಲು ಹೋದ. ಮೋರಿಯ ಬಾಯಿ ತನ್ನ ಪಾಡಿಗೆ ತಾನು ಎತ್ತರದಲ್ಲಿ ಒಣಗಿಕೊಂಡು ಕೂತಿತ್ತು, ನೀರು ಅದರ ಕೆಳಗೆ, ಅರ್ಜಿ ಹಿಡಿದು ಬಂದವರ ಹಾಗೆ ಕಾಯುತ್ತ ನಿಂತಿತ್ತು. ಟೈಲರ್ ಆಗಷ್ಟೆ ಅಂಗಡಿಯ ಬಾಗಿಲು ತೆಗೆದಿದ್ದ. ಪ್ಯಾಂಟು ಮೊಣಕಾಲಿಗೆ ಮಡಚಿಕೊಂಡು ಹೊಲಿಗೆ ಯಂತ್ರದ ಕಾಲಡಿಗೆ ಇಟ್ಟಿಗೆ ಇಡುತ್ತಿದ್ದವನು ತಲೆ ಎತ್ತಿ, “ಬನ್ನಿ ಸಾರ್, ಏನು ಹೊಲಿಸಬೇಕು?” ಎಂದು ಕೇಳಿದ. ಏನಾದರೂ ಹೇಳಲೇಬೇಕಿತ್ತು. ಒಂದು ಪ್ಯಾಂಟು, ಎಂದ. ಅಂದಿನಿಂದ ಇಂದಿನವರೆಗೆ ಅವನ ಎಲ್ಲ ಪ್ಯಾಂಟುಗಳೂ ಅಲ್ಲೇ ಹೊಲಿದದ್ದು, ಪ್ರತಿಯೊಂದರ ಬಲಗಾಲೂ ಎಡಗಾಲಿಗಿಂತ ಮುಕ್ಕಾಲು ಇಂಚು ಗಿಡ್ಡ, ಅಂಚಿನಲ್ಲಿ ಬಿಗಿ ಬೇರೆ. ಹೆಂಡತಿ ಮದುವೆಯಾದ ಹೊಸದರಲ್ಲೇ ಕೇಳಿದ್ದಳು, “ಊರಲ್ಲಿ ಬೇರೆ ಟೈಲರೇ ಇಲ್ವಾ? ಗೋಡೆ ಮೇಲಿನ ಫೋಟೋ ಕೂದಲೆಳೆ ವಾಲಿದ್ರೆ ನಿದ್ದೆ ಬರಲ್ಲ ನಿಮಗೆ. ಇಲ್ಲಿ ಕಾಲೇ ವಾಲಿದೆಯಲ್ಲ!” “ಪಾಪ, ಇರ್ಲಿ ಬಿಡು” ಎನ್ನುತ್ತಿದ್ದ. ಹೇಳಿಕೊಳ್ಳಲಾಗದವನಿಗೆ ಸಹಿಸಿಕೊಳ್ಳುವುದು ಒಂದು ದಾರಿ. ಕಚೇರಿಗೆ, ಮದುವೆಗಳಿಗೆ, ತನ್ನದೇ ಬೀಳ್ಕೊಡುಗೆಯ ಸಮಾರಂಭಕ್ಕೆ, ಅವನು ಮುಕ್ಕಾಲು ಇಂಚು ಕಾಲುಚೀಲ ತೋರಿಸಿಕೊಂಡು ಹೋಗಿಬಂದ. ಪ್ರತಿ ಮಳೆಗಾಲದಲ್ಲೂ ಒಂದು ಹೊಸ ಪ್ಯಾಂಟು. ಲೆಕ್ಕ ತಾಳೆಯಾಗುತ್ತಿದೆ ಎಂದೇ ಅವನಿಗೆ ಅನ್ನಿಸುತ್ತಿತ್ತು.

“ಏನ್ ಸಾರ್, ಇವತ್ತು ಬಾಲ ತುಂಬಾ ಹಿಂದೆ?” ಹಲ್ಲಿನ ಡಾಕ್ಟರರು ವೇಗ ಇಳಿಸಿ ಅವನ ಪಕ್ಕಕ್ಕೆ ಬಂದರು. ಮಾತಾಡುವಾಗ ಎದುರಿನವರ ಕಣ್ಣನ್ನು ಬಿಟ್ಟು ಹಲ್ಲನ್ನೇ ನೋಡುವ ಅಭ್ಯಾಸ ಅವರಿಗೆ. “ಫಲಕ ಭಾರವಾ?” ಎಂದು ಇವನು ಕೇಳಿದ.

“ಭಾರ ಏನಿಲ್ಲ. ಗೊತ್ತಾ, ಮೇಡಂ ಅವರ ಕೊಳದಿಂದ ನಮಗೊಂದು ದೊಡ್ಡ ತಲೆನೋವು ತಪ್ತು. ಆ ಮೂಲೆ ಮೋರಿ ಒಡೆದು ಹೊಸದಾಗಿ ಕಟ್ತೀವಿ ಅಂತ ನಗರಸಭೆಯವರು ಈ ವರ್ಷ ಒಪ್ಪಿದ್ರು. ಒಂದು ತಿಂಗಳು ಬೀದಿ ಅಗೆಯೋರು. ಈಗ ಸಂಘದಿಂದ ಬರೆದುಬಿಟ್ಟಿದೀವಿ, ಬೇಡ, ಅದು ಹಳೇ ಕೊಳದ ಜಾಗ, ನೀರು ನಿಲ್ಲೋದೇ ಅದರ ವಿಶೇಷ, ಮುಟ್ಟಬೇಡಿ ಅಂತ. ನಾಳೆ ಬೆಳಿಗ್ಗೆ ಕಾಗದ ಹೋಗುತ್ತೆ.”

“ಟೈಲರ್ ಒಪ್ಪಿದ್ರಾ?”

“ಮೇಡಂ ಹೇಳಿದ್ಮೇಲೆ ಇಲ್ಲ ಅಂತಾರಾ? ಅವರ ಮಗಳು ಮೇಡಂ ಹತ್ರಾನೇ ಓದಿದ್ದು. ಸೈನ್ ಹಾಕಿ ಕೊಟ್ರು. ಆಮೇಲೆ ಇನ್ನೂ ನಾಲ್ಕು ಇಟ್ಟಿಗೆ ತಂದಿಟ್ಕೊಳ್ತೀನಿ ಅಂದ್ರು, ಪಾಪ.” ಡಾಕ್ಟರರು ನಕ್ಕು, ಇವನು ನಗದಿದ್ದುದರಿಂದ ಹಲ್ಲು ಕಾಣದೆ, ಮುಂದೆ ಹೋದರು. ಫಲಕ ಟಕ್ ಎಂದಿತು.

ಕಾಲು ತುಳಿಯುವುದನ್ನು ನಿಲ್ಲಿಸಿತ್ತು, ಸೈಕಲ್ಲು ಮುನ್ನೂರಕ್ಕೊಂದರ ಇಳಿಜಾರಿನಲ್ಲಿ ತಾನಾಗಿಯೇ ಹೋಗುತ್ತಿತ್ತು. ಇಷ್ಟು ದಿನ ಅವನು ತನ್ನನ್ನು ಹೀಗೆ ಸಮಾಧಾನ ಮಾಡಿಕೊಂಡಿದ್ದ: ಒಂದು ಫಲಕ ತಾನೆ, ತಗಡು ತಾನೆ, ಯಾರಿಗೇನು ನಷ್ಟ, ಅವಳಿಗೊಂದು ಸಂತೋಷ. ಮೂವತ್ತೆಂಟು ವರ್ಷದ ಮೇಲೆ ಆ ನೀರು ತಾನಾಗಿ ಹೊರಗೆ ಹೋಗಲಿತ್ತು, ಅವನು ಬಾಯಿಬಿಡದೆಯೇ ಎಲ್ಲ ಸರಿಯಾಗಲಿತ್ತು. ಅವನ ‘ಹೂಂ’ ಅಡ್ಡ ಬಂದಿತ್ತು. ಮನಸ್ಸು ಕೂಡಲೇ ತಪ್ಪೊಪ್ಪಿಗೆಯ ಕರಡು ಬರೆಯತೊಡಗಿತು. ಅವತ್ತು ಬಿಸಿಲು ವಿಪರೀತವಿತ್ತು. ಕಾದ ನೆಲದ ಮೇಲೆ ಗಾಳಿ ನಡುಗುತ್ತದೆ, ಆ ನಡುಕದಲ್ಲಿ ಗೆರೆ ಅಲುಗುತ್ತದೆ, ಬೆಳಕು ಬಾಗುತ್ತದೆ, ಇದು ಭೌತಶಾಸ್ತ್ರ, ಯಾರಿಗಾದರೂ ಆಗುವಂಥದು. ಚೆನ್ನಾಗಿತ್ತು. ಹೆಂಡತಿಗೆ ರಾತ್ರಿ ಊಟ ಆದ ಮೇಲೆ ಹೇಳಬಹುದು, ಅವಳು ಸದ್ದಿಲ್ಲದೆ ಡಾಕ್ಟರರಿಗೆ ಹೇಳಬಹುದು, ಕಾಗದ ನಿಲ್ಲಬಹುದು, ಫಲಕ ಯಾವುದಾದರೂ ಅಟ್ಟ ಸೇರಬಹುದು. “ಬಾಲ ಬಂತಾ?” ಎಂದು ತಿರುವಿನಿಂದ ಕೂಗು ಬಂತು. “ಬಂತು,” ಎಂದ.

ನಿನ್ನೆಯ ಮಳೆಯ ನೀರು ಮೂಲೆಯಲ್ಲಿ ನಿಂತಿತ್ತು. ಒಪ್ಪಬೇಕು, ನೋಡಲು ಚೆಂದವಿತ್ತು. ಮನೆಗಳು, ತಂತಿ, ಎದುರಿನ ಮಹಡಿಯ ಹೂಕುಂಡಗಳು ಎಲ್ಲವೂ ಅದರಲ್ಲಿ ತಲೆಕೆಳಗಾಗಿ, ಅಂದು ದುರ್ಬೀನಿನಲ್ಲಿ ಕಂಡಂತೆಯೇ, ನೇತುಬಿದ್ದಿದ್ದವು. ಹನ್ನೊಂದು ಜನ ಸೈಕಲ್ ಹಿಡಿದು ದಂಡೆಯ ಮೇಲೆ ನಿಂತಿದ್ದರು, ನೀರೊಳಗೆ ಇನ್ನೂ ಹನ್ನೊಂದು. ಟೈಲರ್ ಕೊರಳಿಗೆ ಟೇಪು ಹಾಕಿಕೊಂಡು ಬಾಗಿಲಿಗೆ ಬಂದ. ಕೂದಲು ನೆರೆತಿತ್ತು, ಪ್ಯಾಂಟು ಈಗಲೂ ಮೊಣಕಾಲಿಗೆ ಮಡಚಿತ್ತು. ಹಿಂದೆ ಮಬ್ಬಿನಲ್ಲಿ ಎರಡು ಹೊಲಿಗೆ ಯಂತ್ರಗಳು ಇಟ್ಟಿಗೆ ಮೇಲೆ ನಿಂತು ಬೆದರಿದ ಕುದುರೆಗಳ ಹಾಗೆ ಕಾಣುತ್ತಿದ್ದವು. ಡಾಕ್ಟರರು ಫಲಕದ ಹಗ್ಗ ಬಿಚ್ಚತೊಡಗಿದರು.

ಹೆಂಡತಿ ಸೀಟಿಯನ್ನು ಊದಲಿಲ್ಲ, ಈ ನಿಲುಗಡೆಗೆ ಅವಳು ದನಿ ತಗ್ಗಿಸುತ್ತಾಳೆ. “ನೋಡಿ,” ಎಂದಳು, “ಇಲ್ಲಿ ಯಾವ ಗೋಡೆಯೂ ಉಳಿದಿಲ್ಲ, ಕಲ್ಲೂ ಇಲ್ಲ. ಕಾಗದದಲ್ಲೂ ಸಿಕ್ಕಿಲ್ಲ. ಆದ್ರೆ ನೀರಿಗೆ ನೆನಪಿರುತ್ತೆ. ನಾವು ಮುಚ್ಚಿ ಮನೆ ಕಟ್ಟಿದ್ರೂ ಮಳೆ ಬಂದ ದಿನ ಅದು ಹುಡುಕಿಕೊಂಡು ತನ್ನ ಜಾಗಕ್ಕೆ ಬರುತ್ತೆ.” ಯಾರೋ ‘ಆಹಾ’ ಎಂದರು. ಔಷಧಿ ಅಂಗಡಿಯ ಹೆಂಗಸು ಕೈ ಎತ್ತಿದಳು. “ಮೇಡಂ, ಕೊಳ ಎಷ್ಟು ಆಳ ಇತ್ತು?”

ಈ ಪ್ರಶ್ನೆಯನ್ನು ಇದುವರೆಗೆ ಯಾರೂ ಕೇಳಿರಲಿಲ್ಲ. ಹೆಂಡತಿ ಹತ್ತು ತಲೆಗಳ ಮೇಲಿಂದ ಅವನತ್ತ ನೋಡಿದಳು. ಆ ನೋಟದಲ್ಲಿ ಅಂಥ ನಂಬಿಕೆಯಿತ್ತು. ಕ್ಯಾರಿಯರ್ ಹಿಡಿದುಕೊಂಡಿದ್ದಾನೆ ಎಂಬ ನಂಬಿಕೆ. “ಅದನ್ನ ನಮ್ಮ ಅಧಿಕಾರಿಗಳು ಹೇಳ್ಬೇಕು. ರೀ, ಎಷ್ಟಿದ್ದಿರಬಹುದು?”

“ಎಂಟು ಸೆಂಟಿಮೀಟರ್,” ಎಂದ.

ಎಲ್ಲರೂ ನಕ್ಕರು. ಬಾಲಕ್ಕೂ ಹಾಸ್ಯ ಬರುತ್ತದೆ ಎಂದು ಯಾರೋ ಅಂದರು. ಹೆಂಡತಿಯೂ ನಕ್ಕಳು, ಅವಳ ನಗು ಮಾತ್ರ ಅರ್ಧಕ್ಕೇ ನಿಂತಿತು. ಮೂವತ್ತೈದು ವರ್ಷದಿಂದ ನೋಡುತ್ತಿದ್ದಳು, ಅಳತೆಯ ವಿಷಯದಲ್ಲಿ ಅವನು ತಮಾಷೆ ಮಾಡಿದವನಲ್ಲ. ಅವನು ಸೈಕಲ್ಲನ್ನು ಗೋಡೆಗೆ ಒರಗಿಸಿ, ಚಪ್ಪಲಿ ಬಿಡದೆ ನೀರಿಗೆ ಇಳಿದು, ಮೋರಿಯ ಬಾಯಿಯ ಹತ್ತಿರ ಹೋಗಿ ನಿಂತ. ನೀರು ಪಾದ ಮುಚ್ಚಿತು. “ನೆಲ ತಗ್ಗಿಲ್ಲ,” ಎಂದ. “ಈ ಮೋರಿ ಎತ್ತರ ಇದೆ. ಇಲ್ಲಿ ಕೊಳ ಇರ್ಲಿಲ್ಲ. ಮೂವತ್ತೆಂಟು ವರ್ಷದ ಹಿಂದೆ ಆ ಮೆಟ್ಟಿಲು ಕಲ್ಲಿನ ಎತ್ತರ ತಗೊಂಡಿದ್ದು ನಾನು. ತಪ್ಪು ಓದ್ದೆ. ಎಂಟು ಸೆಂಟಿಮೀಟರ್. ಮೋರಿ ಕಟ್ಟಿದವರು ಪಾಪ ನನ್ನ ಅಂಕಿ ನಂಬಿ ಕಟ್ಟಿದ್ರು. ಅವತ್ತು ಬಿಸಿಲು...” ಮಾತು ಅಲ್ಲಿಗೆ ಬಂದು ನಿಂತಿತು. ನೀರಿನಲ್ಲಿ ತಲೆಕೆಳಗಾಗಿ ನಿಂತಿದ್ದ ಹೆಂಡತಿ ಅಲುಗದೆ ಅವನನ್ನೇ ನೋಡುತ್ತಿದ್ದಳು. “ಬಿಸಿಲಿರ್ಲಿಲ್ಲ,” ಎಂದ. “ಮೋಡ ಇತ್ತು, ತಂಪಾಗಿತ್ತು. ತಪ್ಪಾಗಿದೆ ಅಂತ ಅವತ್ತು ಸಂಜೇನೇ ಗೊತ್ತಾಯ್ತು. ಆಫೀಸಲ್ಲಿ ನಗ್ತಾರೆ ಅಂತ ಇನ್ನೊಂದು ಅಂಕಿ ತಿದ್ದಿ ಮುಚ್ಚಿಬಿಟ್ಟೆ.”

ಯಾರೂ ನಗಲಿಲ್ಲ. ನಗಲಿ ಎಂದು ಅವನು ಕಾಯುತ್ತಿದ್ದನೆಂಬುದು ಆಗ ಅವನಿಗೇ ತಿಳಿಯಿತು. ಡಾಕ್ಟರರು ಅರ್ಧ ಬಿಚ್ಚಿದ ಫಲಕವನ್ನು ಎತ್ತಿ ಹಿಡಿಯಬೇಕೋ ಇಳಿಸಬೇಕೋ ತಿಳಿಯದೆ ಎದೆಗೆ ಅವಚಿಕೊಂಡಿದ್ದರು. ನೀಲಿ ಹೂವಿನ ಬೆಡ್‌ಶೀಟಿನ ತುದಿ ನೀರಿಗೆ ಬಿದ್ದು ನೆನೆಯುತ್ತಿತ್ತು.

“ಹನ್ನೆರಡು ಭಾನುವಾರ,” ಎಂದಳು ಹೆಂಡತಿ. ದನಿ ಇನ್ನೂ ತಗ್ಗಿಯೇ ಇತ್ತು. “ಹನ್ನೆರಡು ಭಾನುವಾರ ಇಲ್ಲಿ ನಿಂತು, ಕೊಳ, ಕೊಳ, ನೀರಿಗೆ ನೆನಪಿರುತ್ತೆ ಅಂತ ಹೇಳಿದೀನಿ. ನೀವು ಅಲ್ಲಿ ಹಿಂದೆ ಪಂಪು ಹಿಡ್ಕೊಂಡು ನಿಂತು ಕೇಳಿಸ್ಕೊಂಡಿದೀರಿ.”

“ಹೂಂ.”

“ಹೂಂ ಅನ್ಬೇಡಿ ನೀವು. ದಯವಿಟ್ಟು.”

ಆಗ ಟೈಲರ್ ಕೆಮ್ಮಿದ. “ಸಾರ್,” ಎಂದ, “ಒಂದು ಮಾತು ಕೇಳ್ಲಾ? ಅದಕ್ಕೇನಾ ನೀವು ಬೇರೆ ಎಲ್ಲೂ ಹೊಲಿಸದೆ ನನ್ನ ಹತ್ರಾನೇ ಬರ್ತಿದ್ದದ್ದು?”

ಅವನು ತಲೆ ತಗ್ಗಿಸಿದ. “ನಾನೇನೋ ನನ್ನ ಕೈಗುಣ ಅಂದ್ಕೊಂಡಿದ್ದೆ,” ಎಂದ ಟೈಲರ್. ಆತನ ಮುಖ ನಿಜವಾಗಿಯೂ ಸಣ್ಣದಾಯಿತು. ನೀರಿಗಿಂತ ಇದು ಆತನಿಗೆ ಹೆಚ್ಚು ತಟ್ಟಿತ್ತು. “ಎಲ್ಲರಿಗೂ ಹೇಳ್ಕೊಂಡು ಬಂದೆ, ಸರ್ವೇ ಸಾಹೇಬ್ರು ಕೂದಲು ಸೀಳೋ ಮನುಷ್ಯ, ಅವರೇ ನನ್ನ ಬಿಟ್ಟು ಹೋಗಲ್ಲ ಅಂತ.”

“ಇಲ್ಲ, ಹೊಲಿಗೆ ಚೆನ್ನಾಗೇ ಇರುತ್ತೆ,” ಎಂದ ಅವನು ಗಡಿಬಿಡಿಯಿಂದ. “ಬಲಗಾಲೊಂದು ಸ್ವಲ್ಪ...”

“ಅದು ಬೇಕಂತಲೇ ಹೊಲಿದದ್ದು ಸಾರ್!” ಟೈಲರ್ ನೀರಿಗಿಳಿದು ಬಂದು, ಕೊರಳಿನ ಟೇಪು ತೆಗೆದು ಅವನ ಬಲಗಾಲಿನ ಪಕ್ಕ ಹಿಡಿದೇಬಿಟ್ಟ. “ಮೊದಲ ದಿನ ನೀವು ಬಂದಾಗ ನೋಡ್ದೆ, ಪ್ಯಾಂಟಿನ ಬಲಗಾಲು ಚೈನಿಗೆ ಸಿಕ್ಕಿ ಹರಿದು, ಗ್ರೀಸಾಗಿತ್ತು. ಸೈಕಲ್ ತುಳಿಯೋರು, ಚೈನು ಬಲಗಡೆ, ಅಂತ ಮುಕ್ಕಾಲು ಇಂಚು ಮೇಲಕ್ಕೆ ಮಡಚಿ, ಅಂಚು ಬಿಗಿ ಮಾಡಿ ಕೊಟ್ಟೆ. ಆಮೇಲೆ ಒಂದು ಸಲ ಆದ್ರೂ ಸಿಕ್ಕಿದೆಯಾ ಹೇಳಿ?”

ಸಿಕ್ಕಿರಲಿಲ್ಲ. ಮೂವತ್ತೇಳು ವರ್ಷ ಅವನು ತಪ್ಪುಕಾಣಿಕೆಯೆಂದು ಹೊತ್ತದ್ದು ಒಬ್ಬನ ಉಪಕಾರವಾಗಿತ್ತು. ಅಥವಾ ಟೈಲರ್ ಈಗ, ಇಷ್ಟು ಜನರೆದುರು, ಲೆಕ್ಕ ಕೂಡದಿದ್ದ ಕಡೆ ಒಂದು ಅಂಕಿ ತಿದ್ದಿ ಕೂಡಿಸಿದನೋ? ಆತನ ಮುಖ ನೋಡಿದ. ಗೊತ್ತಾಗುವಂತಿರಲಿಲ್ಲ. ಅಂಕಿ ತಿದ್ದಿದವನ ಮುಖ ಹೇಗಿರುತ್ತದೆಂದು ತಿಳಿಯಲು ತಾನು ಆ ಸಂಜೆ ಕನ್ನಡಿ ನೋಡಿಕೊಂಡಿರಲಿಲ್ಲ.

“ನೀವಾದ್ರೂ ಹೇಳಿ ಹೊಲಿಯಬಾರದಿತ್ತಾ?” ಎಂದಳು ಹೆಂಡತಿ ಟೈಲರಿಗೆ. “ಈ ಬೀದೀಲಿ ಯಾರಿಗೂ ಹೇಳಿ ಮಾಡೋ ಅಭ್ಯಾಸಾನೇ ಇಲ್ಲ.” ಆಮೇಲೆ ಕೈ ಚಾಚಿದಳು. “ಸೀಮೆಸುಣ್ಣ ಕೊಡಿ.”

ಟೈಲರ್ ಜೇಬಿನಿಂದ ಬಟ್ಟೆಗೆ ಗುರುತು ಹಾಕುವ ಚಪ್ಪಟೆ ಸುಣ್ಣದ ತುಂಡು ಕೊಟ್ಟ. ಹೆಂಡತಿ ಡಾಕ್ಟರರ ಎದೆಯಿಂದ ಫಲಕ ತೆಗೆದುಕೊಂಡು, ಬೆಡ್‌ಶೀಟನ್ನು ಹಿಂಡಿ ತನ್ನ ಹ್ಯಾಂಡಲ್ಲಿಗೆ ಹಾಕಿ, ಬರಹದ ಕಡೆಯನ್ನು ಕಣ್ಣೆತ್ತಿಯೂ ನೋಡದೆ ಫಲಕವನ್ನು ಮಗುಚಿದಳು. ಹಿಂಬದಿಯ ಬಣ್ಣ ಕಾಣದ ತಗಡಿನ ಮೇಲೆ ಕರಿಹಲಗೆಯ ದುಂಡು ಅಕ್ಷರದಲ್ಲಿ ಬರೆದಳು: ‘ಈ ಮೋರಿ ಎಂಟು ಸೆಂಟಿಮೀಟರ್ ಎತ್ತರವಿದೆ. ಕೂಡಲೇ ಇಳಿಸಬೇಕು.’ ಸುಣ್ಣವನ್ನು ಅವನತ್ತ ಹಿಡಿದಳು. “ಸೈನ್ ಹಾಕಿ. ಅಧಿಕಾರಿ ಅಂತ ಹಾಕ್ಬೇಡಿ.” ಅವನು ಬಗ್ಗಿ, ನೀರಿನಲ್ಲಿ ನಿಂತೇ, ‘ಸರ್ವೇಯರ್’ ಎಂದು ಬರೆದು ಸಹಿ ಹಾಕಿದ. ಅಕ್ಷರ ಸ್ವಲ್ಪ ವಾಲಿತು. ತಿದ್ದಲು ಹೋದ, ಅವಳು ಸುಣ್ಣ ಕಿತ್ತುಕೊಂಡಳು.

“ಡಾಕ್ಟರೇ, ನಾಳೆ ಆ ಕಾಗದ ಹೋಗಲ್ಲ. ಬೇರೆ ಕಾಗದ ಹೋಗುತ್ತೆ. ಇವರೇ ಬರೀತಾರೆ, ಇವರೇ ಆಫೀಸಿಗೆ ತಗೊಂಡು ಹೋಗಿ, ಏನು ಮಾಡಿದ್ರು ಅಂತ ಬಾಯಿಬಿಟ್ಟು ಹೇಳಿ ಕೊಡ್ತಾರೆ.” ವರಾಂಡ ಮತ್ತೆ ಅವನ ಕಣ್ಣ ಮುಂದೆ ಬಂತು, ಈಗ ಅಲ್ಲಿ ಕೂತಿರುವವರೆಲ್ಲ ಅವನ ಮಗನ ವಯಸ್ಸಿನವರು. “ಮತ್ತೆ ಈ ನಿಲುಗಡೆ ಮೇಡಂ?” ಎಂದರು ಡಾಕ್ಟರರು ಮೆಲ್ಲಗೆ, “ತೆಗೆದುಬಿಡೋಣ್ವಾ?” ಹೆಂಡತಿ ನೀರನ್ನು ನೋಡಿದಳು. ಅವಳ ಮುಖದಲ್ಲಿ, ತುಂಬ ಇಷ್ಟಪಟ್ಟ ಒಂದು ಕೊಳ ಬತ್ತುತ್ತಿದ್ದುದನ್ನು ಅವನು ಕಂಡ. “ತೆಗೆಯೋದ್ಯಾಕೆ,” ಎಂದಳು. “ಮೋರಿ ಸರಿ ಆಗೋವರೆಗೂ ಇರುತ್ತೆ. ಪ್ರತಿ ಭಾನುವಾರ ಇಲ್ಲಿ ನಾನು ಮಾತಾಡಲ್ಲ. ಇವರು ಮಾತಾಡ್ತಾರೆ. ಈಗ ಹೇಳಿದ್ರಲ್ಲ, ಅಷ್ಟೂ. ಮೋಡ ಇತ್ತು ಅನ್ನೋದೂ ಸೇರಿ.” ಸೀಟಿ ಊದಿ, ನೀರಿನ ನಟ್ಟನಡುವೆ ಸೈಕಲ್ ತುಳಿದುಕೊಂಡು ಹೋದಳು. ತಲೆಕೆಳಗಿನ ಮನೆಗಳೆಲ್ಲ ಚೂರುಚೂರಾದವು.

ಒಬ್ಬೊಬ್ಬರಾಗಿ ಹೋದರು. ಔಷಧಿ ಅಂಗಡಿಯ ಹೆಂಗಸು ಹೋಗುವಾಗ, “ಸಾರ್, ಚಪ್ಪಲಿ ಒಣಗಿಸ್ಕೊಳ್ಳಿ, ನೆಗಡಿಯಾಗುತ್ತೆ” ಎಂದಳು. ಟೈಲರ್ ಫಲಕವನ್ನು ಬಾಗಿಲಿಗೆ ಒರಗಿಸಿ, ಹಿಂದೆ ಸರಿದು ನೋಡಿ, ಕೆಳಗೊಂದು ಇಟ್ಟಿಗೆ ಕೊಟ್ಟ. “ಈ ಮಳೆಗಾಲಕ್ಕೂ ಒಂದು ಪ್ಯಾಂಟು ಹೊಲೀಲಾ ಸಾರ್? ಎರಡೂ ಕಾಲು ಸಮ ಮಾಡಿ?” “ಬೇಡ,” ಎಂದ ಅವನು ಸೈಕಲ್ ಹತ್ತುತ್ತ, “ಹೇಗಿದೆಯೋ ಹಾಗೇ.”

ಚಪ್ಪಲಿ ಪೆಡಲ್ ಮೇಲೆ ಪಚಪಚ ಎನ್ನುತ್ತಿತ್ತು. ಸಾಲು ಆಗಲೇ ತಿರುವಿನ ಹತ್ತಿರವಿತ್ತು. ಬಟ್ಟೆ ಒದ್ದೆಯಾಗಿ ಭಾರವಾಗಿದ್ದರೂ ಬಲಗಾಲಿನ ಅಂಚು ಚೈನಿನ ಪಕ್ಕದಲ್ಲಿ, ಒಂದು ಬೆರಳಿನಷ್ಟು ಮೇಲೆ, ಪ್ರತಿ ಸುತ್ತಿಗೂ ಬಂದು ತಾಗದೆ ಹೋಗುತ್ತಿತ್ತು. ಇಷ್ಟು ವರ್ಷ ತುಳಿದೂ ಅದನ್ನು ಅವನು ನೋಡಿರಲಿಲ್ಲ. ಮುಂದಿನ ಸೈಕಲ್ಲು ತಿರುಗಿತು, ಕೂಗು ಬರಲಿಲ್ಲ. ಹನ್ನೊಂದೂ ತಿರುಗಿದವು, ಅವನೂ ತಿರುಗಿದ, ಯಾರೂ ಏನೂ ಕೇಳಲಿಲ್ಲ. ಮುಂದಿನ ಬೀದಿಯ ಉದ್ದಕ್ಕೂ ಸಣ್ಣ ಏರು, ನಾನೂರಕ್ಕೊಂದು. ಈ ದಿನ ಅದು ಮೊಣಕಾಲಿಗೆ ಗೊತ್ತಾಯಿತು. ಬೇಕಾದ್ದಕ್ಕಿಂತ ಹೆಚ್ಚು ಮರ್ಯಾದೆಯ ಎಷ್ಟು ದಿನಗಳು ಕಾದಿವೆಯೋ ಎಂದು ಎಣಿಸುತ್ತ ಅವನು ಎರಡನೆಯ ತಿರುವಿನ ಹತ್ತಿರ ಬಂದ. ದೂರದಲ್ಲಿ ನೀಲಿ ಹೂವಿನ ಬೆಡ್‌ಶೀಟು ನೀರು ತೊಟ್ಟಿಕ್ಕುತ್ತ ಮೂಲೆ ದಾಟುತ್ತಿತ್ತು. ಅದು ಪೂರ್ತಿ ಮರೆಯಾದ ಮೇಲೆ, ಗೋಡೆಯ ಆಚೆಯಿಂದ, ಶಾಲೆಯ ಹಾಜರಿಯ ದನಿಯಲ್ಲಿ ಕೇಳಿಸಿತು:

“ಅಧಿಕಾರಿಗಳು ಬಂದ್ರಾ?”

ಅವನು ಪೆಡಲ್ ಮೇಲೆ ಎದ್ದು ನಿಂತು, ಹನ್ನೊಂದು ಜನಕ್ಕೂ ಕೇಳಿಸುವಂತೆ ಕೂಗಿದ.

“ಇಲ್ಲ! ಬಾಲ ಬಂತು!”